ಮಕಾಸ್ಸರ್‌ನಿಂದ ಪೂರ್ವಕ್ಕೆ: ಪೆಲ್ನಿ ಹಡಗಿನ ಎಕಾನಮಿ ದರ್ಜೆ ಹೇಗಿದೆ?

ಸುಲಾವೇಸಿಯ ಮಕಾಸ್ಸರ್ ಪೂರ್ವ ಇಂಡೋನೇಷ್ಯಾದ ಹೆಬ್ಬಾಗಿಲು. ಜಾವಾದಿಂದ ಬರುವ ಎಷ್ಟೋ ಹಡಗುಗಳು ಇಲ್ಲಿ ತಂಗಿ ಬಾವ್‌ಬಾವ್, ಅಂಬೊನ್ ಬಂದರುಗಳನ್ನು ದಾಟಿ ಪಪುವಾದ ಸೊರೊಂಗ್ ಮತ್ತು ಅದರಾಚೆಗೆ ಸಾಗುತ್ತವೆ. ವಿಮಾನದ ದರ ಕೈಗೆಟುಕದ ದ್ವೀಪವಾಸಿಗಳಿಗೆ ಆಸರೆ ಪೆಲ್ನಿ. 1952ರಲ್ಲಿ ಶುರುವಾದ ಈ ಸರ್ಕಾರಿ ಕಂಪನಿಯ ದೊಡ್ಡ ಹಡಗುಗಳಲ್ಲಿ ಹೆಚ್ಚಿನವು ಜರ್ಮನಿಯಲ್ಲಿ ಕಟ್ಟಿದವು. 2000–3000 ಜನ ಹಿಡಿಸುತ್ತವೆ.

ಮೊದಲ ಎಡವಟ್ಟು ಹೆಸರಿನದು. ಮಕಾಸ್ಸರ್ ಬಂದರಿನ ಹೆಸರೂ ಸುಕಾರ್ನೊ–ಹಟ್ಟಾ, ಜಕಾರ್ತದ ವಿಮಾನ ನಿಲ್ದಾಣದ ಹೆಸರೂ ಅದೇ. ಹುಡುಕುವಾಗ ಊರಿನ ಹೆಸರು ಸೇರಿಸಿ. ಟ್ಯಾಕ್ಸಿಯವರಿಗೆ ಬರೀ 'ಬಂದರು' ಎನ್ನಬೇಡಿ. ಮರದ ಪಿನಿಸಿ ಹಡಗುಗಳು ನಿಲ್ಲುವ ಪಾವೊತೆರೆ ಬೇರೆಯೇ ಇದೆ.

ಟಿಕೆಟ್ ಪೆಲ್ನಿಯ ಆ್ಯಪ್‌ನಲ್ಲೇ ಸಿಗುತ್ತದೆ. ಹೆಸರು ಪಾಸ್‌ಪೋರ್ಟ್‌ನಲ್ಲಿದ್ದಂತೆಯೇ ಇರಲಿ, ಬಾಗಿಲಲ್ಲಿ ತಾಳೆ ನೋಡುತ್ತಾರೆ. ಬಂದರಿನಲ್ಲಿ ಬೋರ್ಡಿಂಗ್ ಪಾಸ್ ಪಡೆಯಬೇಕು. ಎರಡು–ಮೂರು ಗಂಟೆ ಮುಂಚೆ ಹೋದರೆ ನೆಮ್ಮದಿ. ಟಿಕೆಟ್‌ನಲ್ಲಿರುವುದು ಆಯಾ ಬಂದರಿನ ಸ್ಥಳೀಯ ಸಮಯ: ಜಾವಾದ ಸುರಬಾಯಕ್ಕಿಂತ ಮಕಾಸ್ಸರ್ ಒಂದು ಗಂಟೆ ಮುಂದೆ, ಮಕಾಸ್ಸರ್‌ಗಿಂತ ಅಂಬೊನ್ ಇನ್ನೊಂದು ಗಂಟೆ ಮುಂದೆ. ಸರಕು ಏರಿಸಿ ಇಳಿಸುವುದು ತಡವಾದರೆ ಹಡಗೂ ತಡ. ಆದ್ದರಿಂದ ಇಳಿದ ದಿನವೇ ವಿಮಾನ ಹಿಡಿಯುವ ಯೋಜನೆ ಬೇಡ.

ಎಕಾನಮಿಯಲ್ಲಿ ಕೋಣೆ ಇಲ್ಲ. ದೊಡ್ಡ ಹಜಾರದಲ್ಲಿ ಉದ್ದನೆಯ ಜಗಲಿ, ಅದರ ಮೇಲೆ ರೆಕ್ಸಿನ್ ಹೊದಿಸಿದ ಹಾಸಿಗೆಗಳ ಸಾಲು, ತಲೆಯ ಕಡೆ ಸಾಮಾನಿಡುವ ಹಲಗೆ. ಡೆಕ್ ಮತ್ತು ಹಾಸಿಗೆ ಸಂಖ್ಯೆ ಟಿಕೆಟ್‌ನಲ್ಲೇ ಇರುತ್ತದೆ. ಯಾರಾದರೂ ಅಲ್ಲಿ ಮಲಗಿದ್ದರೆ ಜಗಳ ಬೇಡ, ಟಿಕೆಟ್ ತೋರಿಸಿದರೆ ಸಾಕು. ಕೆಳಗಿನ ಡೆಕ್‌ಗಳಲ್ಲಿ ಎಂಜಿನ್ ಸದ್ದು ಜೋರು, ಓಲಾಟ ಕಡಿಮೆ. ಮೇಲೆ ಹೋದಂತೆ ಇದು ತಿರುವುಮುರುವು. ವಾಂತಿಯ ತೊಂದರೆ ಇದ್ದವರು ಹಡಗಿನ ನಡುಭಾಗ ಹಿಡಿಯಿರಿ. ಒಂದು ಚಾದರ, ಬೀಗ, ಎಕ್ಸ್‌ಟೆನ್ಷನ್ ಬೋರ್ಡ್ ಜೊತೆಗಿರಲಿ.

ಊಟ ಟಿಕೆಟ್ ದರದಲ್ಲೇ ಸೇರಿದೆ, ದಿನಕ್ಕೆ ಮೂರು ಹೊತ್ತು. ಬೋರ್ಡಿಂಗ್ ಪಾಸ್ ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಸಿಗುವುದು ಅನ್ನ, ಸಣ್ಣದೊಂದು ಮೀನಿನ ತುಂಡು ಇಲ್ಲವೇ ಮೊಟ್ಟೆ, ಒಂದಿಷ್ಟು ಕೋಸಿನ ಪಲ್ಯ, ನೀರು. ಹೊಟ್ಟೆ ತುಂಬುತ್ತದೆ, ನಾಲಿಗೆ ತಣಿಯುವುದಿಲ್ಲ. ಸಸ್ಯಾಹಾರಿಗಳಿಗೆ ಅನ್ನವೊಂದೇ ಗತಿ, ಪಲ್ಯದಲ್ಲೂ ಸೀಗಡಿಯ ಪೇಸ್ಟ್ ಇರಬಹುದು. ಚಟ್ನಿಪುಡಿ, ಉಪ್ಪಿನಕಾಯಿ, ಅವಲಕ್ಕಿ ಇದ್ದರೆ ಬಚಾವ್.

ಕಳ್ಳತನದ ಭಯ ನಡುಗಡಲಿಗಿಂತ ಬಂದರಿನಲ್ಲಿ ಹೆಚ್ಚು. ಹಡಗು ನಿಂತೊಡನೆ ಕೂಲಿಗಳು, ವ್ಯಾಪಾರಿಗಳು, ಇಳಿಯುವವರು, ಹತ್ತುವವರು ಒಟ್ಟಿಗೆ ನುಗ್ಗುತ್ತಾರೆ. ಆಗ ಫೋನ್ ಚಾರ್ಜಿಗಿಟ್ಟು ತಿರುಗಾಡಲು ಹೋಗಬೇಡಿ. ದಡ ಬಿಟ್ಟ ಮೇಲೆ ಸಿಗ್ನಲ್ ಇಲ್ಲ. ನಕ್ಷೆ, ಟಿಕೆಟ್ ಮೊದಲೇ ಇಳಿಸಿಕೊಂಡಿರಿ. ಶೌಚಾಲಯಕ್ಕೆ ಬೆಳಕು ಹರಿಯುವ ಮುನ್ನ ಹೋಗಿಬರುವುದು ಒಳ್ಳೆಯದು, ಆಮೇಲೆ ಕಾಲಿಡಲಾಗದು.

ಈದ್ ಹಬ್ಬದ ಆಸುಪಾಸಿನಲ್ಲಿ ಮಾತ್ರ ಹೋಗಲೇಬೇಡಿ, ಮೆಟ್ಟಿಲ ಮೇಲೂ ಜನ ಚಾಪೆ ಹಾಸಿರುತ್ತಾರೆ. ಉಳಿದ ದಿನಗಳಲ್ಲಿ ಮಕಾಸ್ಸರ್–ಬಾವ್‌ಬಾವ್ ಹಾದಿಗೆ ಎಕಾನಮಿಯೇ ಸಾಕು, ಸುಮಾರು ಅರ್ಧ ದಿನದ ಪಯಣ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಅಂಬೊನ್‌ವರೆಗೆ ಹೋಗುವ ಹಿರಿಯರು, ಮಕ್ಕಳಿದ್ದವರು ಆ ಹಡಗಿನಲ್ಲಿ ಕೋಣೆ ಮಾರಾಟಕ್ಕಿದೆಯೇ ನೋಡಲಿ. ಪಪುವಾದ ಜಯಾಪುರಕ್ಕೆ ಹಲವು ದಿನಗಳೇ ಬೇಕು, ಬಿಡುವಿಲ್ಲದವರು ವಿಮಾನ ಹತ್ತುವುದೇ ಸರಿ.