ಪಾರ್ಕಿನ್ಸನ್ ಇರೋರು ‘ಗ್ರಿಪ್’ ಅನ್ನೋ ಮಾತಿಗೆ ಬೀಳಬೇಡ್ರಿ

ಬರೀಲೋ ಬೇಡ್ವೋ ಅಂತ ನಾಲ್ಕು ದಿನ ಸುಮ್ನಿದ್ದೆ. ನಾಚಿಕೆ ಆಗುತ್ತೆ. 31 ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು ನಾನು, ಒಂದು ಜೊತೆ ಶೂಗೆ 3,450 ರೂಪಾಯಿ ಕೊಟ್ಟು ಟೋಪಿ ಹಾಕಿಸ್ಕೊಂಡು ಬಂದೆ.

ನನಗೆ ಪಾರ್ಕಿನ್ಸನ್, ಅಂದ್ರೆ ಕೈ ನಡುಗಿ ನಡಿಗೆ ಕೆಡಿಸೋ ನರದ ಕಾಯಿಲೆ, ಆಗಿ ಐದು ವರ್ಷ. ಮಾತ್ರೆಯ ಜೋರು ಇಳಿದಾಗ ಪಾದ ಎತ್ತೋಕಾಗಲ್ಲ, ನೆಲ ಸವರ್ಕೊಂಡೇ ಹೋಗ್ಬೇಕು. ಇದನ್ನೆಲ್ಲ ದಾವಣಗೆರೆಯ ಒಂದು ಅಂಗಡೀಲಿ ಬಿಡಿಸಿ ಬಿಡಿಸಿ ಹೇಳಿದೆ. ಆ ಹುಡುಗ ದಪ್ಪ ರಬ್ಬರ್ ಸೋಲ್ ಇರೋ ಶೂ ತಂದು ಅಂಗೈಗೆ ಉಜ್ಜಿ, “ಗ್ರಿಪ್ ನೋಡ್ರಿ ಸರ್! ನಿಮ್ಮಂಥ ಪೇಷಂಟ್‌ಗೇ ಅಂತ ಮಾಡಿರೋದು, ಡಾಕ್ಟ್ರೇ ಕಳಿಸ್ತಾರೆ” ಅಂದ. ಲೇಸ್ ಬೇಡಪ್ಪ, ಬೆರಳು ಆಡಲ್ಲ ಅಂದೆ. “ಅದೂ ಒಂದು ಎಕ್ಸರ್‌ಸೈಜೇ ಸರ್.” ಆಗಲೇ ಎದ್ದು ಬರಬೇಕಿತ್ತು! ಆದ್ರೆ ಮಾತ್ರೆ ನುಂಗಿ ಒಂದು ಗಂಟೆ ಆಗಿತ್ತು, ಅಂಗಡೀಲಿ ನಾಲ್ಕು ಹೆಜ್ಜೆ ಸಲೀಸಾಗಿ ಹಾಕ್ಬಿಟ್ಟೆ.

ಮೂರನೇ ದಿನ ಬೆಣ್ಣೆ ದೋಸೆ ಹೋಟೆಲು. ಭಾನುವಾರ, ಕಾಲಿಡೋಕೆ ಜಾಗ ಇಲ್ಲ. ಕೈ ತೊಳೆಯೋಕೆ ತಿರುಗಿದೆ. ಮೈ ತಿರುಗ್ತು, ಶೂ ತಿರುಗ್ಲಿಲ್ಲ. ಟೈಲ್ಸಿಗೆ ಮೊಳೆ ಹೊಡೆದಂಗೆ ಕಚ್ಕೊಂಡ್ತು. ಪಕ್ಕದ ಟೇಬಲ್ಲಿನ ಚಟ್ನಿ ಸಮೇತ ಬಿದ್ದೆ. ಎತ್ತಿದವನು ನನ್ನ ಹಳೇ ಶಿಷ್ಯ. ಮೊಣಕಾಲು ತರಚಿದ್ದು ವಾಸಿ ಆಗುತ್ತೆ, ಆ ಅವಮಾನ ಆಗಲ್ಲ.

ಫಿಸಿಯೋದವ್ರು ಶೂ ನೋಡಿ ಬೈದ್ರು: “ಕಾಲು ಎಳ್ಕೊಂಡು ನಡೆಯೋರಿಗೆ ಇಷ್ಟು ಕಚ್ಚೋ ರಬ್ಬರ್ ಯಾರ್ ಕೊಟ್ರು? ಪಾದ ನಿಲ್ಲುತ್ತೆ, ಮೈ ಮುಂದಕ್ಕೆ ಹೋಗುತ್ತೆ.”

ಮನೇಲಿ ನನ್ನ ಹೆಂಡ್ತಿ ಬಾಕ್ಸಿನ ಸ್ಟಿಕ್ಕರ್ ಉಗುರಲ್ಲಿ ಕೆರೆದ್ಲು. ಕೆಳಗೆ ಇನ್ನೊಂದು ಬೆಲೆ, 1,899. ಪಕ್ಕದಲ್ಲಿ ‘ಟ್ರೆಕ್ಕಿಂಗ್’. ಟ್ರೆಕ್ಕಿಂಗ್ ರೀ! ಚಿತ್ರದುರ್ಗದ ಕೋಟೆ ಹತ್ತೋ ಶೂ ನನ್ನ ಕಾಲಿಗೆ!

ವಾಪಸ್ ಒಯ್ದೆ. ಕೊಳ್ಳೋವಾಗ ‘ಸರ್’ ಆಗಿದ್ದೋನು ಈಗ ‘ಅಜ್ಜ’ ಆಗಿದ್ದೆ. “ಅಜ್ಜಾರೆ, ಹಾಕ್ಕೊಂಡು ಓಡಾಡಿದೀರಿ, ಹೆಂಗೆ ತಗೊಳ್ಳೋದು?” ಸ್ಟಿಕ್ಕರ್ ತೋರಿಸಿದೆ. “ಅದು ಕಂಪನಿಯವ್ರು ಹಚ್ಚಿರೋದು.” ಬಿಲ್ ಕೇಳಿದ್ರೆ, ಅವತ್ತು ಕೊಟ್ಟಿದ್ದ ಹಳದಿ ಚೀಟಿನೇ ಬಿಲ್ಲಂತೆ. ಕೊನೆಗೆ ಮಾಲೀಕ ಮೊಬೈಲಿಂದ ತಲೆ ಎತ್ತದೆ, “ನಿಮ್ ಕಾಯಿಲೆಗೆ ನಾವೇನ್ ಮಾಡೋಣ?”

ಕೇಳಿಸ್ಕೊಂಡ್ರಾ?

ನನ್ನಂಥೋರು ಶೂ ಕೊಳ್ಳೋವಾಗ ಇಷ್ಟು ನೋಡ್ರಿ: ಸೋಲ್ ಪೂರ್ತಿ ನುಣುಪೂ ಬೇಡ, ಕಚ್ಚೋದೂ ಬೇಡ. ಹಗುರ ಇರ್ಲಿ, ಹಿಮ್ಮಡಿ ಹಿಡಿಯೋ ಹಾಗಿರ್ಲಿ, ಲೇಸ್ ಬದಲು ಅಂಟುಪಟ್ಟಿ. ಹಿಂದೆ ಬಿಚ್ಚಿದ ಚಪ್ಪಲಿ ಬೇಡ್ವೇ ಬೇಡ. ಸಂಜೆ ಹೋಗ್ರಿ, ಪಾದ ಊದಿರುತ್ತೆ. ಮಾತ್ರೆ ಜೋರು ಕಮ್ಮಿ ಆದಾಗ, ಜೊತೆಗೆ ಯಾರಾದ್ರೂ ಇರುವಾಗ, ನಡೆದು ತಿರುಗಿ ನೋಡ್ರಿ. ಪಕ್ಕಾ ಬಿಲ್ ಇಲ್ದೆ ದುಡ್ಡು ಬಿಚ್ಚಬೇಡ್ರಿ.

ಎಂಆರ್‌ಪಿ ಮೇಲೆ ಜಾಸ್ತಿ ಬೆಲೆಯ ಸ್ಟಿಕ್ಕರ್ ಹಚ್ಚೋದು ಕಾನೂನಿಗೆ ವಿರುದ್ಧ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿದೀನಿ. ಸೋಮವಾರ ಕಾನೂನು ಮಾಪನ ಶಾಸ್ತ್ರ ಇಲಾಖೆಗೂ ದೂರು ಕೊಡ್ತೀನಿ. ಕೈ ನಡುಗುತ್ತೆ, ಅರ್ಜಿ ಬರೆಯೋದು ನನ್ನ ಹೆಂಡ್ತಿ.