ಒಂದಿಂಚು ಟ್ಯೂಬಿಗೆ ಮುಕ್ಕಾಲಿಂಚು ಥ್ರೆಡ್ ಹಾಕಿ ಕೊಡ್ತಾರೆ, ಹುಷಾರು

ಸ್ಟೀಲ್ ಟ್ಯೂಬಿಗೆ ಥ್ರೆಡ್ (ಸ್ಕ್ರೂ ತರಹದ ಸುರುಳಿ ಗೆರೆ) ಕೊರೆಸಿ, ತಿರುಗಿಸಿ ಹಾಕುವ ಕ್ಯಾಪ್ ಮಾಡಿಸುವವರು ಯಾರಾದರೂ ಇದ್ದರೆ, ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ. ನನ್ನ 40 ಟ್ಯೂಬ್ ಹಾಳಾಗಿವೆ. ಇನ್ನೊಬ್ಬರದ್ದು ಆಗುವುದು ಬೇಡ.

ತೋಟದ ಮಣ್ಣಿನ ತೇವ ಅಳೆಯುವ ಸೆನ್ಸರ್ ಮಾಡುತ್ತೇನೆ. ಸರ್ಕ್ಯೂಟ್ ಬೋರ್ಡು ಟ್ಯೂಬಿನ ಒಳಗೆ ಕೂರಬೇಕು, ಎರಡೂ ತುದಿಗೆ ಕ್ಯಾಪ್. ಪೀಣ್ಯದ ಒಂದು ಲೇತ್ ಶಾಪಿಗೆ ವಾಟ್ಸಾಪ್‌ನಲ್ಲಿ ಹೀಗೆ ಬರೆದೆ: "1 ಇಂಚು ಎಸ್‌ಎಸ್ ಟ್ಯೂಬ್, 16 ಗೇಜ್, 300 ಮಿ.ಮೀ. ಉದ್ದ, ಎರಡೂ ಕಡೆ ಥ್ರೆಡ್, ಕ್ಯಾಪ್ ಸಮೇತ, 40 ಪೀಸ್. ನೀರು ಒಳಗೆ ಹೋಗಬಾರದು." (ಎಸ್‌ಎಸ್ ಅಂದರೆ ಸ್ಟೇನ್‌ಲೆಸ್ ಸ್ಟೀಲ್, ಗೇಜ್ ಅಂದರೆ ಟ್ಯೂಬಿನ ಗೋಡೆಯ ದಪ್ಪದ ಲೆಕ್ಕ.) ಯಾವ ಥ್ರೆಡ್ ಅಂತ ನಾನು ಬರೆಯಲಿಲ್ಲ. ಅದು ನನ್ನ ತಪ್ಪು, ಒಪ್ಪುತ್ತೇನೆ. ಆದರೆ ಅವರೂ ಕೇಳಲಿಲ್ಲ. "ಆಗುತ್ತೆ ಸಾರ್, ಸ್ಟ್ಯಾಂಡರ್ಡ್ ಥ್ರೆಡ್ಡೇ ಹಾಕ್ತೀವಿ" ಅಂದರು. ನೀರು ಹೋಗಬಾರದು ಅಂತ ಬರೆದಿದ್ದೆನಲ್ಲ, ಅದನ್ನು ಓದಿದ ಮೇಲೂ ಕೇಳಲಿಲ್ಲ.

ಮಾಲು ಬಂತು. ಫಳಫಳ ಹೊಳೆಯುತ್ತಿತ್ತು. ಕ್ಯಾಪ್ ಎರಡೇ ಬೆರಳಲ್ಲಿ ಬೆಣ್ಣೆ ತರಹ ತಿರುಗಿತು. ಎಷ್ಟು ನೀಟಾಗಿ ಮಾಡಿದ್ದಾರೆ ಅಂತ ಖುಷಿಪಟ್ಟು ಬಾಕಿ ದುಡ್ಡೂ ಕೊಟ್ಟೆ. ಅಷ್ಟು ಸಲೀಸಾಗಿ ತಿರುಗಿದಾಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಜುಲೈನಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರು ಫೋನ್ ಮಾಡಿದರು. "ಮಾರಾಯ್ರೆ, ನಿಮ್ಮ ಟ್ಯೂಬು ಅಲ್ಲಾಡಿಸಿದ್ರೆ ಒಳಗೆ ನೀರು ಕುಲುಕ್ತದೆ." ನನಗೆ ಮಾತೇ ಹೊರಡಲಿಲ್ಲ. ಅಲ್ಲಿ ಹುಗಿದಿದ್ದು 9. ಅದರಲ್ಲಿ 6 ಬೋರ್ಡ್ ಸತ್ತಿವೆ.

ಮನೆಯಲ್ಲಿ ಉಳಿದಿದ್ದ ಟ್ಯೂಬ್ ಒಂದನ್ನು ತೆಗೆದು ಕಿಟಕಿ ಬೆಳಕಿಗೆ ಹಿಡಿದು ನೋಡಿದೆ. ಥ್ರೆಡ್ಡಿನ ತುದಿ ಕಿರಿದಾಗಿ ಏಳಬೇಕಲ್ವಾ? ಇಲ್ಲಿ ಎಲ್ಲಾ ಅಗಲ, ಚಪ್ಪಟೆ. ಪ್ರತಿ ಸುತ್ತಿನ ತಲೆಯ ಮೇಲೂ ಟ್ಯೂಬಿನ ಹಳೇ ಪಾಲಿಶ್ ಹಾಗೇ ಇದೆ, ಹೊಳೆಯುವ ರಿಬ್ಬನ್ ಸುತ್ತಿದ ಹಾಗೆ. ಕ್ಯಾಪ್ ಹಾಕಿ ಸ್ವಲ್ಪ ಓರೆ ಮಾಡಿ ಎಳೆದೆ. ಟಕ್ ಅಂತ ಒಂದು ಸುತ್ತು ಜಾರಿತು. ತಿರುಗಿಸದೇ!

ವರ್ನಿಯರ್ (ಸೂಕ್ಷ್ಮ ಅಳತೆಯ ಉಪಕರಣ) ಹಿಡಿದಾಗ ಗೊತ್ತಾಯಿತು. ಅವರು ಹಾಕಿದ್ದು ಮುಕ್ಕಾಲಿಂಚು ಬಿಎಸ್‌ಪಿ, ಪ್ಲಂಬಿಂಗ್ ಪೈಪಿನ ಥ್ರೆಡ್. ಅದಕ್ಕೆ ಹೊರಗಿನ ಅಳತೆ 26.44 ಮಿ.ಮೀ. ಇರಬೇಕು. ನನ್ನ ಟ್ಯೂಬ್ ಇರುವುದೇ 25.4. ಇಲ್ಲದ ಲೋಹದಲ್ಲಿ ಥ್ರೆಡ್ ಎಲ್ಲಿಂದ ಬರುತ್ತೆ? 1.16 ಮಿ.ಮೀ. ಆಳ ಬರಬೇಕಾದಲ್ಲಿ ಸುಮಾರು 0.64 ಬಂದಿದೆ. ಅರ್ಧ ಥ್ರೆಡ್. ಅರ್ಧ ಥ್ರೆಡ್ ಕೊಟ್ಟು ಪೂರ್ತಿ ದುಡ್ಡು ತಗೊಂಡಿದ್ದಾರೆ.

ಫೋನ್ ಮಾಡಿದೆ. "ಒಂದಿಂಚು ಟ್ಯೂಬಿಗೆ ಮುಕ್ಕಾಲು ಡೈನೇ ಸಾರ್, ಎಲ್ಲರಿಗೂ ಹಾಗೇ ಕೊಡೋದು." (ಡೈ ಅಂದರೆ ಥ್ರೆಡ್ ಕೊರೆಯುವ ಸಾಧನ.) ಇದು ಅರ್ಧ ಥ್ರೆಡ್ ಅಂದೆ. "ಟೆಫ್ಲಾನ್ ಟೇಪ್ ಜಾಸ್ತಿ ಸುತ್ತಿ ಸಾರ್." ಅರ್ಧ ಮಿಲಿಮೀಟರ್ ಸಂದಿಯನ್ನು ಟೇಪ್ ಮುಚ್ಚುತ್ತಾ? ಆರು ಬೋರ್ಡ್ ಹೋಗಿದೆ ಅಂದೆ. "ನೀವು ಒಂದಿಂಚು ಅಂತ ಮಾತ್ರ ಹೇಳಿದ್ರಿ ಸಾರ್, ನಾವು ಒಂದಿಂಚು ಕೊಟ್ಟಿದ್ದೀವಿ." ಈ ಮಾತು ಇನ್ನೂ ಕಿವಿಯಲ್ಲಿದೆ. ಕೊಟ್ಟಿದ್ದು ಮುಕ್ಕಾಲು, ಬಾಯಲ್ಲಿ ಒಂದಿಂಚು! ಆಮೇಲೆ ಫೋನ್ ಎತ್ತುತ್ತಿಲ್ಲ.

ವಿಷಯ ಇಷ್ಟೇ. ಟ್ಯೂಬನ್ನು ಹೊರಗಿನ ಅಳತೆಯಲ್ಲಿ ಮಾರುತ್ತಾರೆ. ಪೈಪಿನ ಹೆಸರು ಹೊರಗಿನ ಅಳತೆಯಲ್ಲ, ಒಳಗಿನ ತೂತಿನ ಲೆಕ್ಕದಲ್ಲಿ ಬಂದದ್ದು. ಒಂದಿಂಚು ಜಿಐ ಪೈಪಿನ ಹೊರಗಿನ ಅಳತೆ ಸುಮಾರು 33.7 ಮಿ.ಮೀ. ಒಂದಿಂಚು ಟ್ಯೂಬಿಗೆ ಸರಿಯಾಗಿ ಕೂರುವ ಬಿಎಸ್‌ಪಿ ಸೈಜೇ ಇಲ್ಲ. ಲೇತ್ ಹಿಡಿದವರಿಗೆ ಇದು ಗೊತ್ತಿರುತ್ತೆ. ಗೊತ್ತಿದ್ದೂ ಕೈಗೆ ಸಿಕ್ಕ ಡೈ ಓಡಿಸಿ ಕೊಟ್ಟರು, ಅದೇ ನನಗೆ ಸಿಟ್ಟು.

ತೆಳು ಟ್ಯೂಬಿಗೆ ಮೆಟ್ರಿಕ್ ಫೈನ್ ಥ್ರೆಡ್ ಕೇಳಿ, ಅಂದರೆ ಮಿಲಿಮೀಟರ್ ಲೆಕ್ಕದ, ಒತ್ತೊತ್ತಾದ ಥ್ರೆಡ್. ಪಿಚ್ಚನ್ನೂ (ಒಂದು ಸುತ್ತಿಗೂ ಮುಂದಿನದಕ್ಕೂ ನಡುವಿನ ದೂರ) ಸೇರಿಸಿ ಬರೆಯಿರಿ, ಸುಮ್ನೆ "ಎಂ25" ಅಂದರೆ ಸಾಲದು, ಅದು ಹೊರಗಿನ ಅಳತೆ 25 ಮಿ.ಮೀ. ಅಂತ ಮಾತ್ರ ಹೇಳುತ್ತೆ. ಚಿತ್ರ ಬರೆದು ಕೊಡಿ. ಒಂದು ಪೀಸ್ ಮಾಡಿಸಿ, ಬಕೆಟ್ ನೀರಲ್ಲಿ ಒಂದು ರಾತ್ರಿ ಮುಳುಗಿಸಿಟ್ಟು ನೋಡಿ, ಆಮೇಲೆ ಉಳಿದದ್ದು. ನೀರು ತಡೆಯುವ ಕೆಲಸ ಥ್ರೆಡ್ಡಿಗೆ ಬಿಡಬೇಡಿ, ಓ ರಿಂಗ್ (ರಬ್ಬರ್ ಬಳೆ) ಹಾಕಿಸಿ. ಪೈಪಿನ ರೆಡಿಮೇಡ್ ಕ್ಯಾಪ್ ಕೊಳ್ಳುವವರಿಗೆ ಇನ್ನೊಂದು ಮಾತು. ಮುಕ್ಕಾಲಿಂಚಲ್ಲಿ ಬಿಎಸ್‌ಪಿಗೂ ಎನ್‌ಪಿಟಿಗೂ (ಅಮೆರಿಕದ ಪೈಪ್ ಥ್ರೆಡ್) ಇಂಚಿಗೆ 14 ಥ್ರೆಡ್ಡೇ. ಆದರೆ ಥ್ರೆಡ್ಡಿನ ಹಲ್ಲಿನ ಕೋನ ಬೇರೆ, ಒಂದು 55 ಡಿಗ್ರಿ, ಇನ್ನೊಂದು 60. ಒಂದಕ್ಕೊಂದು ಹತ್ತಿಕೊಳ್ಳುತ್ತೆ, ಆದರೆ ಸೋರುತ್ತೆ. ಅಂಗಡಿಯವರು "ಎರಡೂ ಒಂದೇ" ಅಂದರೆ ನಂಬಬೇಡಿ.

ಈಗ ಬೇರೆ ಲೇತಿನವರಿಗೆ ಕೊಟ್ಟಿದ್ದೇನೆ. ಅವರು ಮೊದಲು ಕೇಳಿದ್ದೇ "ಗೋಡೆ ದಪ್ಪ ಎಷ್ಟು?" ಅಂತ. 1.6 ಅಂದೆ. ಎರಡೂ ತುದಿ 20 ಮಿ.ಮೀ. ಕತ್ತರಿಸಿ, ಹೊರಗಡೆ 25ಕ್ಕೆ ಇಳಿಸಿ, ಎಂ25 ಥ್ರೆಡ್ 1 ಮಿ.ಮೀ. ಪಿಚ್‌ನಲ್ಲಿ ಹಾಕುತ್ತಾರೆ. ಅದರ ಕೆಳಗೂ ಮುಕ್ಕಾಲು ಮಿಲಿಮೀಟರಿನಷ್ಟು ಗೋಡೆ ಉಳಿಯುತ್ತೆ. ಟ್ಯೂಬ್ 260ಕ್ಕೆ ಇಳಿಯುತ್ತೆ, ಬೋರ್ಡ್ ಹೇಗೋ ಹಿಡಿಯುತ್ತೆ. ಭಾನುವಾರ ತೀರ್ಥಹಳ್ಳಿಗೆ ಹೋಗಿ ಒಂಬತ್ತನ್ನೂ ಬದಲಾಯಿಸಿ, ಅವರ ಮುಂದೆ ನಿಂತು ಕ್ಷಮೆ ಕೇಳಿ ಬರಬೇಕು.