ಪಿಸ್ತಾ ಗೋಡೆಗೆ ಸಾಸಿವೆ ಬಣ್ಣದ ಸೋಫಾ

ಮೈಸೂರಿನ ನಮ್ಮ ಮನೆ ಹಾಲ್‌ಗೆ ತಿಳಿ ಪಿಸ್ತಾ ಹಸಿರು ಹೊಡೆಸಿದ್ದೇವೆ. ನೆಲ ಮಾತ್ರ ಅಜ್ಜನ ಕಾಲದ ರೆಡ್ ಆಕ್ಸೈಡ್. ಇವೆರಡಕ್ಕೂ ಒಪ್ಪುವ ಸೋಫಾ ಹುಡುಕಿ ಸಾಕಾಗಿತ್ತು. ಸೋಫಾ ಅಂಗಡಿಯೊಂದರಲ್ಲಿ ನನಗೆ ಬೂದು ಬಣ್ಣ ತುಂಬಾ ಹಿಡಿಸಿತ್ತು.

ಈ ಅಂಗಡಿಯವರು ಸೋಫಾ ಬಟ್ಟೆಯ ಐದು ಸ್ಯಾಂಪಲ್ ತುಂಡುಗಳನ್ನು ಎರಡು ದಿನಕ್ಕೆ ಮನೆಗೆ ಕೊಟ್ಟು ಕಳಿಸಿದರು. ನಾನು ಮೆಚ್ಚಿದ್ದೇ ಇದನ್ನು. ಅವರ ಅಂಗಡಿಯಲ್ಲಿ 6500 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಬಿಳಿ ದೀಪ, ನಮ್ಮಲ್ಲಿ 3000ದ ಹಳದಿ ದೀಪ. ಸಂಜೆ ಸ್ವಿಚ್ ಹಾಕಿದ ಕೂಡಲೇ ಆ ಚಂದದ ಬೂದು ಒದ್ದೆ ಸಿಮೆಂಟಿನ ಹಾಗೆ ಮಂಕಾಯಿತು! ಸಾಸಿವೆ ಹಳದಿ ತುಂಡನ್ನು ಗೋಡೆಗೆ ಒರಗಿಸಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋಡಿದೆ. ಮೂರೂ ಹೊತ್ತು ಕಳೆಕಳೆಯಾಗಿತ್ತು. ಪಿಸ್ತಾದಲ್ಲೂ ಒಂಚೂರು ಹಳದಿ ಇರುತ್ತದೆ ಅಲ್ವಾ, ಅದಕ್ಕೇ ಎರಡೂ ಹೊಂದಿಕೊಂಡವು. ಕೆಂಪು ನೆಲದ ಮೇಲಂತೂ ಅರಿಶಿನ ಕುಂಕುಮದ ಹಾಗೆ ಕಾಣುತ್ತದೆ ಅಂತ ಅಮ್ಮನಿಗೆ ಜಾಸ್ತಿ ಖುಷಿ.

ಸೋಫಾ ಬಂದಿದ್ದು ಒಂಬತ್ತು ದಿನ ತಡವಾಗಿ. ದಿಂಬಿನ ಬಟ್ಟೆ ಬೇರೆ ಲಾಟ್‌ನದ್ದು, ಅಂದರೆ ಬೇರೆ ಸಲ ಬಣ್ಣ ಹಾಕಿದ್ದು, ಬಣ್ಣ ಸ್ವಲ್ಪ ಗಾಢ. ಫೋಟೋ ಕಳಿಸಿದ ಮೇಲೆ ಸುಮ್ನೆ ವಾದ ಮಾಡದೆ ಬದಲಾಯಿಸಿದರು. ನೀವು ಆರ್ಡರ್ ಕೊಡುವಾಗಲೇ ಎಲ್ಲಕ್ಕೂ ಒಂದೇ ರೋಲ್‌ನ ಬಟ್ಟೆ ಬೇಕು ಅಂತ ಬಿಲ್ ಮೇಲೆ ಬರೆಸಿಕೊಳ್ಳಿ.